ಮಕ್ಕಳ ಮರದ ಆಟದ ಮನೆ: ಬಣ್ಣ, ಜೋಡಣೆ ಮತ್ತು ನಿರ್ವಹಣೆ

ಶಾಲೆ, ಅಂಗನವಾಡಿ, ಬಡಾವಣೆಯ ಉದ್ಯಾನ ಅಥವಾ ಮನೆಯ ಹಿತ್ತಲಿನಲ್ಲಿ ಮಕ್ಕಳಿಗಾಗಿ ಮರದ ಆಟದ ಮನೆಯನ್ನು ನಿಲ್ಲಿಸಲು ಇಚ್ಛಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮಕ್ಕಳು ಇಂತಹ ಮನೆಯ ಗೋಡೆಗೆ ಒರಗುತ್ತಾರೆ, ಕಂಬವನ್ನು ತಬ್ಬುತ್ತಾರೆ. ಚಿಕ್ಕವರು ಕಿಟಕಿಯ ಅಂಚನ್ನು ಕಚ್ಚುವುದೂ ಉಂಟು. ಆದುದರಿಂದ ಬಣ್ಣದ ಆಯ್ಕೆಗೆ ಮೊದಲ ಗಮನ ನೀಡತಕ್ಕದ್ದು.

ಬಣ್ಣದಲ್ಲಿರುವ ಸೀಸವು ಮಗುವಿನ ಮೆದುಳಿನ ಬೆಳವಣಿಗೆಗೆ ಹಾನಿಕರವಾದುದು. ಕೇಂದ್ರ ಸರ್ಕಾರವು 2016ರಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಗೃಹಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರುವಂತಿಲ್ಲ. ಈ ಮಿತಿಯು 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಈ ವಿವರ ಮುದ್ರಿತವಾಗಿರುವುದನ್ನು ನೋಡಿಯೇ ಖರೀದಿಸುವುದು. ವಾಹನ, ಯಂತ್ರ ಮುಂತಾದವುಗಳಿಗೆ ಬಳಸುವ ಕೈಗಾರಿಕಾ ಬಣ್ಣಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಗ್ಯಾರೇಜಿನಲ್ಲಿ ಉಳಿದ ಬಣ್ಣವನ್ನು ಯಾರಾದರೂ ಉಚಿತವಾಗಿ ಕೊಟ್ಟರೂ ಸ್ವೀಕರಿಸದಿರುವುದು ಲೇಸು. ಹಳೆಯ ಬಾಗಿಲು, ಕಿಟಕಿಗಳ ಮರವನ್ನು ಮರುಬಳಕೆ ಮಾಡುವುದರಲ್ಲಿ ಮಿತವ್ಯಯವಿದೆಯಾದರೂ, ಅದರ ಮೇಲಿನ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿದಲ್ಲಿ ಸೀಸದ ಧೂಳು ಏಳುವ ಸಂಭವವಿರುತ್ತದೆ. ಬಣ್ಣ ಬಳಿದಿರುವ ಹಳೆಯ ಮರವನ್ನು ಈ ಕೆಲಸಕ್ಕೆ ಬಳಸದಿರುವುದೇ ಉತ್ತಮ.

ಬಣ್ಣ ಹಚ್ಚುವ ಕೆಲಸವನ್ನು ಜೋಡಣೆಗೆ ಮುಂಚೆಯೇ ಮಾಡತಕ್ಕದ್ದು. ಜೋಡಿಸಿದ ನಂತರ ಕುಂಚವು ಸಂದುಗಳಿಗೆ ತಲುಪುವುದಿಲ್ಲ. ನೀರು ಮಾತ್ರ ತಲುಪುತ್ತದೆ. ಚೆನ್ನಾಗಿ ಒಣಗಿ ಹದಗೊಂಡ ಮರವನ್ನು ಉಪ್ಪು ಕಾಗದದಿಂದ ಉಜ್ಜಿ, ಸಿಬಿರುಗಳನ್ನು ತೆಗೆದು, ಪ್ರೈಮರ್ ಹಾಗೂ ಅದರ ಮೇಲೆ ಹೊರಾಂಗಣ ಬಣ್ಣವನ್ನು ಎರಡು ಸಲ ಹಚ್ಚಬೇಕು. ಹಲಗೆಯ ಕೊಯ್ದ ತುದಿಗಳು ಅತ್ಯಧಿಕ ನೀರನ್ನು ಹೀರುವುದರಿಂದ ಅವುಗಳಿಗೆ ಒಂದು ಲೇಪ ಹೆಚ್ಚು ಬೇಕು. ಬೋಲ್ಟಿಗಾಗಿ ಕೊರೆದ ರಂಧ್ರಗಳ ಒಳಭಾಗವನ್ನೂ ಮರೆಯಬಾರದು.

ಕಂಬಗಳನ್ನು ನೇರವಾಗಿ ಮಣ್ಣಿನಲ್ಲಿ ಹೂಳಿದರೆ ಗೆದ್ದಲು ಹಾಗೂ ತೇವದಿಂದ ಬುಡ ಬೇಗನೆ ಕೊಳೆಯುತ್ತದೆ. ಕಾಂಕ್ರೀಟ್ ಅಥವಾ ಕಲ್ಲಿನ ಪೀಠದ ಮೇಲೆ, ನೆಲದಿಂದ ಸುಮಾರು 10 ಸೆಂ.ಮೀ. ಎತ್ತರದಲ್ಲಿ ಕೂರಿಸಿ, ಗಾಳಿಗೆ ಉರುಳದಂತೆ ಕಬ್ಬಿಣದ ಪಟ್ಟಿಯಿಂದ ಬಿಗಿಯುವುದು ಸೂಕ್ತ. ಮೊಳೆಗಳು ಕಾಲಕ್ರಮೇಣ ಮೇಲೇಳುವುದರಿಂದ ಸತುವಿನ ಲೇಪವಿರುವ ಬೋಲ್ಟ್, ತಿರುಪುಮೊಳೆಗಳನ್ನು ಬಳಸಿ, ತಲೆಗಳನ್ನು ಮರದೊಳಕ್ಕೆ ಇಳಿಸಬೇಕು. ಕಟಕಟೆಯ ಪಟ್ಟಿಗಳ ನಡುವಿನ ಅಂತರವು 9 ಸೆಂ.ಮೀ.ಗಿಂತ ಕಡಿಮೆಯಿರಬೇಕು, 9ರಿಂದ 23 ಸೆಂ.ಮೀ.ವರೆಗಿನ ತೆರವಿನಲ್ಲಿ ಮಗುವಿನ ದೇಹ ತೂರಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ಕಿಟಕಿಗಳು ಇದಕ್ಕಿಂತ ದೊಡ್ಡದಾಗಿರಲಿ. ಬಾಗಿಲ ಸಂದಿನಲ್ಲಿ ಬೆರಳು ಸಿಲುಕುವುದುಂಟು. ಬಾಗಿಲೇ ಇಲ್ಲದ ಮನೆಯನ್ನು ಮಕ್ಕಳು ಆಕ್ಷೇಪಿಸುವುದಿಲ್ಲ.

ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲದ ನಂತರ ಮತ್ತೊಮ್ಮೆ ತಪಾಸಣೆ ಅಗತ್ಯ. ಕಂಬದ ಬುಡವನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿದಾಗ ಮೆತ್ತಗೆ ಒಳಹೋದರೆ ಆ ಭಾಗವನ್ನು ಬದಲಿಸುವುದು. ಮೇಲೆ ಬಣ್ಣ ಹಚ್ಚಿ ಮುಚ್ಚಬಾರದು. ಸೂರಿನಡಿ ಕಣಜದ ಗೂಡು ಕಟ್ಟುವುದು ಹಾಗೂ ನೆಲಹಲಗೆಯ ಕೆಳಗೆ ಹಾವು ಸೇರುವುದು ಅಪರೂಪವೇನಲ್ಲ. ಪೀಠದ ಸುತ್ತ ತರಗೆಲೆ ಗುಡಿಸಿ, ಟಾರ್ಚಿನ ಬೆಳಕಿನಲ್ಲಿ ಅಡಿಭಾಗವನ್ನು ನೋಡಿದ ನಂತರವೇ ಮಕ್ಕಳನ್ನು ಒಳಗೆ ಬಿಡತಕ್ಕದ್ದು.