ಗಣಕಯಂತ್ರದಲ್ಲಿ ನಿಯಾನ್ ದೀಪಾಕ್ಷರ

ಇರುಳಿನಲ್ಲಿ ಅಂಗಡಿಗಳ ನೆತ್ತಿಯ ಮೇಲೆ ಬೆಳಗುತ್ತಿದ್ದ ನಿಯಾನ್ ದೀಪಾಕ್ಷರಗಳ ಸ್ಥಾನವನ್ನು ಇಂದು ಬಹುಮಟ್ಟಿಗೆ ಎಲ್‌ಇಡಿ ದೀಪಗಳು ಆಕ್ರಮಿಸಿವೆ. ಆದರೆ ಹಳೆಯ ನಗರವೊಂದನ್ನು ಚಲಚ್ಚಿತ್ರಕ್ಕಾಗಿ ಗಣಕಯಂತ್ರದಲ್ಲಿ ನಿರ್ಮಿಸುವ ಚಿತ್ರಕಾರನಿಗೆ ಅವು ಬೇಕೇ ಬೇಕು. ಅಕ್ಷರವನ್ನು ಬರೆದು, ಕೆಂಬಣ್ಣ ತುಂಬಿ, ಸುತ್ತಲೂ ಮಸುಕು ಕಾಂತಿಯನ್ನು ಹರಡಿದರೆ ಕೆಲಸ ಮುಗಿಯಿತೆಂದು ಹೊಸಬನು ಭಾವಿಸುತ್ತಾನೆ. ನೋಡುವ ಕಣ್ಣು ಅದನ್ನು ಒಪ್ಪುವುದಿಲ್ಲ. ಕಾರಣವನ್ನು ಆ ದೀಪದ ರಚನೆಯಲ್ಲಿಯೇ ಅರಸಬೇಕು.

ನಿಯಾನ್ ಅನಿಲವನ್ನು 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಮತ್ತು ಮಾರಿಸ್ ಟ್ರಾವರ್ಸ್ ಕಂಡುಹಿಡಿದರು. ಹೊಸದು ಎಂಬರ್ಥದ ಗ್ರೀಕ್ ಶಬ್ದವೇ ಅದಕ್ಕೆ ಹೆಸರಾಯಿತು. ಸಂಸ್ಕೃತದ ‘ನವ’ ಶಬ್ದಕ್ಕೆ ಅದು ಸಗೋತ್ರ. ಹಳತನ್ನು ಸೂಚಿಸಲು ಇಂದು ಅದನ್ನೇ ಬಳಸುವುದು ವಿನೋದವೇ ಸರಿ. 1910ರಲ್ಲಿ ಜಾರ್ಜ್ ಕ್ಲೋದ್ ಅವರು ಪ್ಯಾರಿಸ್ಸಿನ ಮೋಟಾರು ಪ್ರದರ್ಶನದಲ್ಲಿ ಅದರ ದೀಪಗಳನ್ನು ಬೆಳಗಿಸಿ ತೋರಿಸಿದರು.

ಕುಶಲಕರ್ಮಿಯು ಗಾಜಿನ ನಳಿಗೆಯನ್ನು ಜ್ವಾಲೆಯಲ್ಲಿ ಕಾಯಿಸಿ ಕೈಯಿಂದಲೇ ಬಾಗಿಸುತ್ತಾನೆ. ಒಳಗಿನ ಗಾಳಿಯನ್ನು ತೆಗೆದು, ಅನಿಲವನ್ನು ಅತ್ಯಲ್ಪ ಒತ್ತಡದಲ್ಲಿ ತುಂಬಿ, ಎರಡು ತುದಿಗಳ ನಡುವೆ ಸಾವಿರಾರು ವೋಲ್ಟುಗಳ ವಿದ್ಯುತ್ತನ್ನು ಹಾಯಿಸಲಾಗುತ್ತದೆ. ಶುದ್ಧ ನಿಯಾನ್ ಕೊಡುವುದು ಕಿತ್ತಳೆಗೆಂಪನ್ನು ಮಾತ್ರ. ನೀಲಿಗೆ ಆರ್ಗಾನ್ ಮತ್ತು ಪಾದರಸದ ಆವಿ ಬೇಕು. ಹಸಿರು ಮೊದಲಾದವಕ್ಕೆ ನಳಿಗೆಯ ಒಳಮೈಗೆ ಫಾಸ್ಫರ್ ಲೇಪವೂ ಬೇಕು. ಎಲ್ಲವನ್ನೂ ನಿಯಾನ್ ಎನ್ನುವುದು ಕೇವಲ ರೂಢಿ.

ನಳಿಗೆಗೆ ತುದಿಗಳು ಎರಡೇ ಆದುದರಿಂದ ಹಲವು ಅಕ್ಷರಗಳು ಸಾಮಾನ್ಯವಾಗಿ ಒಂದೇ ನಳಿಗೆಯಲ್ಲಿ ಸಾಗುತ್ತವೆ. ಅಕ್ಷರದಿಂದ ಅಕ್ಷರಕ್ಕೆ ದಾಟುವ ಭಾಗವು ಹಿಂದಕ್ಕೆ ಬಾಗಿ, ಕಪ್ಪುಬಣ್ಣದ ಲೇಪದಿಂದ ಮರೆಯಾಗುತ್ತದೆ. ಗಣಕಚಿತ್ರದಲ್ಲಿ ಮೊದಲು ತಪ್ಪಿಹೋಗುವುದು ಈ ಬೆಳಗದ ಭಾಗವೇ!

ಇನ್ನು ಬೆಳಕಿನ ಮಾತು. ಪರದೆಯ ಪೂರ್ಣ ಬಿಳುಪನ್ನು 1 ಎಂದು ಎಣಿಸಿದರೆ, ನಳಿಗೆಯ ಪ್ರಕಾಶಕ್ಕೆ ಅದರ ಹಲವು ಮಡಿ ಬೆಲೆಯನ್ನು ಕೊಡಬೇಕು. ಛಾಯಾಚಿತ್ರದಲ್ಲಿ ಉರಿಯುವ ನಳಿಗೆಯ ನಡುಭಾಗವು ಬಹುಪಾಲು ಬಿಳಿಚಿಕೊಂಡು, ಬಣ್ಣವು ಅಂಚಿನಲ್ಲಿಯೂ ಪ್ರಭಾವಲಯದಲ್ಲಿಯೂ ಗಾಢವಾಗಿ ನಿಲ್ಲುತ್ತದೆ. ನಳಿಗೆಯನ್ನು ಹಲಗೆಗೆ ಅಂಟಿಸದೆ, ಗಾಜಿನ ಆಧಾರಗಳ ಮೇಲೆ ತುಸು ಮುಂದಕ್ಕೆ ನಿಲ್ಲಿಸಬೇಕು. ಆಗ ಹಿಂದಿನ ತಗಡಿನ ತುಕ್ಕು, ಎದ್ದುಬಂದ ಬಣ್ಣದ ಹಕ್ಕಳೆಗಳು ಆ ಬೆಳಕಿನಲ್ಲಿ ಕಾಣಿಸಿಕೊಳ್ಳುತ್ತವೆ. ಹಳತನವನ್ನು ಸಾರುವುದು ಈ ತಗಡೇ ಹೊರತು ಅಕ್ಷರವಲ್ಲ.

ಜೀರ್ಣತೆಯನ್ನು ತೋರಿಸಲು ಪದದ ನಡುವಿನ ಒಂದಕ್ಷರವನ್ನು ಆರಿಸಿಬಿಡುವುದು ಅನೇಕರಿಗೆ ಪ್ರಿಯವಾದ ಉಪಾಯ. ಅಕ್ಷರಕ್ಕೊಂದು ನಳಿಗೆಯಿದ್ದಲ್ಲಿ ಅದಕ್ಕೆ ಅವಕಾಶವುಂಟು. ಒಂದೇ ನಳಿಗೆಯಲ್ಲಿ ಬರೆದ ಪದದಲ್ಲಾದರೋ ಗಾಜು ಎಲ್ಲಿ ಒಡೆದರೂ ಪದವೆಲ್ಲವೂ ಆರುತ್ತದೆ.