ಹಳಿ ಪಕ್ಕ ಸೈಕಲ್ ಸವಾರಿ?

ಪ್ರಶ್ನೆ: ದಾವಣಗೆರೆಯಿಂದ ಹರಿಹರಕ್ಕೆ ರೈಲು ಹಳಿಯ ಪಕ್ಕದಲ್ಲೇ ಸೈಕಲ್‌ನಲ್ಲಿ ಹೋಗಬಹುದೇ? ವಿದೇಶಗಳಲ್ಲಿ ಹಾಗೆ ಹೋಗುತ್ತಾರಂತಲ್ಲ?

ಉತ್ತರ: ಇಲ್ಲಿ ಹೋಗುವಂತಿಲ್ಲ. ವಿದೇಶಗಳಲ್ಲಿ ಸೈಕಲ್ ಓಡುವುದು ಹೆಚ್ಚಾಗಿ ರೈಲು ನಿಂತುಹೋದ ಮಾರ್ಗಗಳಲ್ಲಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಎಲ್ರಾಯ್–ಸ್ಪಾರ್ಟಾ ನಡುವಿನ ಹಳಿಗಳನ್ನು ಕಿತ್ತು, 1960ರ ದಶಕದಲ್ಲೇ ಇಂಥ ಹಾದಿ ಮಾಡಿದರು. ರೈಲು ಕಡಿದಾದ ಏರು ಹತ್ತಲಾರದು. ಹಾಗಾಗಿ ಹಳೆಯ ಹಳಿದಾರಿ ಸೈಕಲ್‌ಗೂ ಸಲೀಸು.

ನಮ್ಮದು ಬೆಂಗಳೂರು–ಹುಬ್ಬಳ್ಳಿ ಮುಖ್ಯ ಮಾರ್ಗ. ರೈಲುಗಳು ಹಗಲೂ ರಾತ್ರಿ ಓಡುತ್ತವೆ. ಅನುಮತಿಯಿಲ್ಲದೆ ಹಳಿ ಆವರಣಕ್ಕೆ ನುಗ್ಗುವುದು 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧ.

ಬದಲಿಗೆ ದೊಡ್ಡಬಾತಿ ಮೇಲೆ ಹೋಗುವ ಹಳೆಯ ಪಿ.ಬಿ. ರಸ್ತೆ ಹಿಡಿಯಿರಿ. ಸುಮಾರು 14 ಕಿ.ಮೀ. ತುಳಿದರೆ ಹೊಯ್ಸಳರ ಕಾಲದ ಹರಿಹರೇಶ್ವರ ದೇವಾಲಯ, ತುಂಗಭದ್ರಾ ತೀರ ಸಿಗುತ್ತವೆ. ಬೆಳಗಿನ ಜಾವವೇ ಹೊರಡಿ, ಹೆಲ್ಮೆಟ್ ಮರೆಯಬೇಡಿ.