ಹನ್ನೆರಡು ವರ್ಷದ ಫಸಲು: ನಟ ಶಂಕರ್ ನಾಗ್

ಅಡಿಕೆ ಧಾರಣೆ, ಕೊಳೆರೋಗ, ಕಾಫಿ ಕಾಂಡಕೊರಕ ಇವುಗಳಿಗೇ ಮೀಸಲಾದ ಈ ಪತ್ರಿಕೆಯಲ್ಲಿ ಸಿನಿಮಾ ನಟರೊಬ್ಬರ ವಿಷಯ ಏತಕ್ಕೆ ಎಂದು ಕೆಲವು ಹಿರಿಯ ಸದಸ್ಯರು ಹುಬ್ಬೇರಿಸಬಹುದು. ಓದಿದ ಮಕ್ಕಳು ತೋಟದ ಕಡೆ ತಿರುಗಿ ನೋಡದಿರುವುದಕ್ಕೆ ಸಿನಿಮಾವೇ ಕಾರಣ ಎನ್ನುವವರೂ ನಮ್ಮಲ್ಲಿದ್ದಾರೆ. ಆ ವಾದ ಹಾಗಿರಲಿ. ಶಂಕರ್ ನಾಗ್ ಅವರ ಕೆಲಸದ ರೀತಿ ಬೆಳೆಗಾರರಾದ ನಮಗೆ ಬೇಗ ಅರ್ಥವಾಗುವಂಥದ್ದು ಎಂಬ ಕಾರಣಕ್ಕೆ ಈ ಲೇಖನವನ್ನು ಸದಸ್ಯ ಬಾಂಧವರ ಮುಂದಿಡುತ್ತಿದ್ದೇವೆ.

ಅವರು ಹುಟ್ಟಿದ್ದು ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ, 1954ರ ನವೆಂಬರ್ 9ರಂದು. ಉತ್ತರ ಕನ್ನಡ ಜಿಲ್ಲೆ ಆಗಿನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಮನೆತನದ ಹೆಸರು ನಾಗರಕಟ್ಟೆ, ಮನೆಮಾತು ಕೊಂಕಣಿ. ಆ ಸೀಮೆಯ ಅನೇಕ ಕುಟುಂಬಗಳಂತೆ ಇವರ ದಾರಿಯೂ ಮುಂಬಯಿಗೆ ಹೋಯಿತು. ಅಣ್ಣ ಅನಂತ ನಾಗ್ ಅಲ್ಲಿಯ ರಂಗಭೂಮಿಯಿಂದ ಬೆಳೆದು 1974ರ 'ಅಂಕುರ್' ಹಿಂದಿ ಚಿತ್ರದಿಂದ ಹೆಸರಾದರು. ತಮ್ಮನಿಗೂ ಹಿಡಿದದ್ದು ನಾಟಕದ ಹುಚ್ಚೇ. ಮರಾಠಿ ರಂಗಭೂಮಿಯಲ್ಲಿ ಪಳಗಿದರು. ಮುಂದೆ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವಾದದ್ದೂ ಆ ನಾಟಕದ ಬಳಗದಲ್ಲಿಯೇ. ಮನೆಯಲ್ಲಿ ಒಂದು ಭಾಷೆ, ಕಸುಬು ಕಲಿತದ್ದು ಇನ್ನೊಂದು ಭಾಷೆಯಲ್ಲಿ, ದುಡಿದದ್ದು ಮೂರನೆಯ ಭಾಷೆಗೆ. ಇಷ್ಟಾಗಿಯೂ ಕನ್ನಡಿಗರು ಅವರನ್ನು ಹೊರಗಿನವರೆಂದು ಒಂದು ದಿನವೂ ಎಣಿಸಲಿಲ್ಲ.

1978ರಲ್ಲಿ ಗಿರೀಶ ಕಾರ್ನಾಡರು 'ಒಂದಾನೊಂದು ಕಾಲದಲ್ಲಿ' ಎಂಬ ಚಿತ್ರ ತೆಗೆದರು. ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವದಲ್ಲಿ, ನಮ್ಮ ಮಲೆನಾಡ ಕಾಡಿನಂಥ ಸೀಮೆಯಲ್ಲಿ ನಡೆಯುವ ಕಥೆ. ಕೂಲಿಗಾಗಿ ಕತ್ತಿ ಹಿಡಿಯುವ ಯೋಧ ಗಂಡುಗಲಿಯ ಪಾತ್ರ ಶಂಕರ್ ಅವರದು. ಮೊದಲನೆಯ ಕನ್ನಡ ಚಿತ್ರದಲ್ಲಿಯೇ, 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದ ಅತ್ಯುತ್ತಮ ನಟ ಪ್ರಶಸ್ತಿ ಬಂತು. ವಯಸ್ಸು ಇನ್ನೂ 25 ತುಂಬಿರಲಿಲ್ಲ. ಅಡಿಕೆ ಸಸಿಯೇ ಹಿಂಗಾರ ಬಿಡಲು ಐದಾರು ವರ್ಷ ಕಾಯಿಸುತ್ತದೆ!

ಆಮೇಲೆ ಹೊಡೆದಾಟದ ಚಿತ್ರಗಳು ಸಾಲುಸಾಲಾಗಿ ಬಂದವು. 1980ರ 'ಆಟೋ ರಾಜ' ಅವರನ್ನು ಆಟೋ ಚಾಲಕರ ಆರಾಧ್ಯರನ್ನಾಗಿ ಮಾಡಿತು. ಇಂದಿಗೂ ಆಟೋಗಳ ಮೇಲೆ ಅವರ ಚಿತ್ರ ಕಾಣುತ್ತದೆ. ಸುಮಾರು 80 ಚಿತ್ರಗಳ ಪೈಕಿ ಹಲವು ಸಾಧಾರಣ ಚಿತ್ರಗಳೇ ಎಂದು ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತಾದೀತು. ಆದರೆ ಆ ಸಂಪಾದನೆಯಿಂದ ಅವರು ಏನು ಮಾಡಿದರು ಎಂಬುದನ್ನು ನೋಡಬೇಕು.

ನಮ್ಮಲ್ಲಿ ಫಸಲನ್ನು ಮರದ ಮೇಲೆಯೇ ಚೇಣಿಗೆ ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಅಟ್ಟ ಕಟ್ಟಿ, ಒಲೆ ಹೂಡಿ, ಸುಲಿದು ಬೇಯಿಸಿ ಒಣಗಿಸಿ ಮಾರುವವರೂ ಇದ್ದಾರೆ. ಶಂಕರ್ ಎರಡನೆಯ ಜಾತಿಯವರು. ಆಗ ಕನ್ನಡ ಚಿತ್ರದ ಹಾಡಿನ ಧ್ವನಿಮುದ್ರಣವೆಂದರೆ ಮದರಾಸಿಗೆ ಓಡಬೇಕು. ಬೆಳೆ ಇಲ್ಲಿಯದು, ಸಂಸ್ಕರಣೆ ಅಲ್ಲಿಯದು. ಖರ್ಚೂ ಹೆಚ್ಚು, ಕಾಯುವುದೂ ಹೆಚ್ಚು. ಇದನ್ನು ಕಂಡ ಶಂಕರ್ ಬೆಂಗಳೂರಿನಲ್ಲಿಯೇ 'ಸಂಕೇತ್ ಎಲೆಕ್ಟ್ರಾನಿಕ್ಸ್' ಎಂಬ ಧ್ವನಿಮುದ್ರಣ ಕೇಂದ್ರ ತೆರೆದರು. ನಟನೊಬ್ಬ ದುಡ್ಡನ್ನು ನಿವೇಶನಕ್ಕೆ ಹಾಕದೆ ಯಂತ್ರಕ್ಕೆ ಹಾಕಿದ್ದು ನಮಗಂತೂ ದೊಡ್ಡದಾಗಿ ಕಾಣುತ್ತದೆ. 'ಸಂಕೇತ್' ಹೆಸರಿನ ನಾಟಕ ತಂಡವನ್ನೂ ಕಟ್ಟಿದರು. ಸಿನಿಮಾ ಸಿಕ್ಕಿತೆಂದು ನಾಟಕ ಬಿಡಲಿಲ್ಲ.

ನಿರ್ದೇಶಕರಾಗಿ ಮೊದಲ ಚಿತ್ರ 'ಮಿಂಚಿನ ಓಟ', 1980ರದು. ಕಾರು ಕಳ್ಳರ ಕಥೆ. ಅಣ್ಣತಮ್ಮ ಇಬ್ಬರೂ ಅಭಿನಯಿಸಿದರು. ಮರುವರ್ಷ 'ಗೀತಾ'. 1980ರ ದಶಕದ ನಡುವೆ ಬಂದ 'ಆಕ್ಸಿಡೆಂಟ್' ಕುಡಿದು ಕಾರು ಓಡಿಸಿ ಪಾದಚಾರಿ ಹಾದಿಯಲ್ಲಿ ಮಲಗಿದ್ದವರ ಪ್ರಾಣ ತೆಗೆದು, ಅದನ್ನು ಮುಚ್ಚಿಹಾಕುವ ದೊಡ್ಡವರ ಕಥೆ. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಇನ್ನು ಮಲೆನಾಡಿನವರಿಗೆ ಅತ್ಯಂತ ಹತ್ತಿರವಾದ ವಿಷಯ 'ಮಾಲ್ಗುಡಿ ಡೇಸ್'. ಆರ್. ಕೆ. ನಾರಾಯಣರ ಕಥೆಗಳನ್ನು ದೂರದರ್ಶನಕ್ಕೆ ಅಳವಡಿಸುವಾಗ ಶಂಕರ್ ಆರಿಸಿಕೊಂಡದ್ದು ಆಗುಂಬೆಯನ್ನು. ವರ್ಷಕ್ಕೆ 300 ಅಂಗುಲದ ಆಸುಪಾಸು ಮಳೆ ಸುರಿಯುವ ಊರು; ಅಲ್ಲಿ ಕ್ಯಾಮೆರಾ ಇಡುವುದೆಂದರೆ ಮಳೆಗಾಲದಲ್ಲಿ ಅಂಗಳದಲ್ಲಿ ಅಡಿಕೆ ಹರವಿದ ಹಾಗೆಯೇ. ಆಗುಂಬೆಯ ದೊಡ್ಡಮನೆಯ ಜಗಲಿ, ಕಂಬಗಳು ದೇಶದ ಮನೆಮನೆ ಹೊಕ್ಕವು. ಮಾಲ್ಗುಡಿಯ ರೈಲು ನಿಲ್ದಾಣವಾದದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. ಆ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವಾಗಿ ಸಜ್ಜುಗೊಳಿಸಿದ್ದಾರೆ. 1986ರಲ್ಲಿ ಅದು ಪ್ರಸಾರವಾದಾಗ ನಾವಿನ್ನೂ ಶಾಲೆಯ ಹುಡುಗರು. ಅಡಿಕೆ ದಬ್ಬೆಯ ತುದಿಗೆ ಆಂಟೆನಾ ಕಟ್ಟಿ, ಒಬ್ಬ ಹೊರಗೆ ನಿಂತು ತಿರುಗಿಸಿ, ಒಳಗಿದ್ದವರು "ಬಂತು, ಬಂತು, ಹೋಯ್ತು" ಎಂದು ಕೂಗುತ್ತಿದ್ದ ಕಾಲ. ಸ್ವಾಮಿಯ ಪಾತ್ರದ ಮಾಸ್ಟರ್ ಮಂಜುನಾಥ್ ಹಿಂದಿ ಮಾತಾಡುತ್ತಿದ್ದರೂ ಹಿಂದೆ ಕಾಣುತ್ತಿದ್ದದ್ದು ನಮ್ಮದೇ ಹಂಚಿನ ಮಾಡು. ನಾವು ಬೇಸತ್ತು ಬೈದುಕೊಳ್ಳುವ ಈ ಮಳೆ, ಪಾಚಿ, ಕೆಸರಿನಲ್ಲಿ ನೋಡುವಂಥದ್ದು ಏನೋ ಇದೆಯೆಂದು ತೋರಿಸಿಕೊಟ್ಟವರು ಅವರು.

ಅದೇ 1986ರಲ್ಲಿ ನಮ್ಮ ಕ್ಯಾಂಪ್ಕೋ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿ ಆರಂಭವಾಯಿತೆಂಬುದನ್ನು ಹಿರಿಯ ಸದಸ್ಯರು ನೆನಪಿಸಿಕೊಳ್ಳಬಹುದು. ಕೋಕೋ ಬೆಳೆಗಾರರು ತಮ್ಮ ಬೆಳೆಗೆ ತಾವೇ ಒಲೆ ಹೂಡಿದ ವರ್ಷ ಅದು.

1990ರ ಸೆಪ್ಟೆಂಬರ್ 30. 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕೆಂದು ಲೋಕಾಪುರಕ್ಕೆ ಹೊರಟ ಕಾರು ದಾವಣಗೆರೆ ಸಮೀಪದ ಆನಗೋಡಿನಲ್ಲಿ ಅಪಘಾತಕ್ಕೀಡಾಯಿತು. ಪತ್ನಿ ಮತ್ತು ಪುಟ್ಟ ಮಗಳು ಉಳಿದರು, ಶಂಕರ್ ಉಳಿಯಲಿಲ್ಲ. ವಯಸ್ಸು 35. ಮೊದಲ ಕನ್ನಡ ಚಿತ್ರದಿಂದ ಅಲ್ಲಿಗೆ ಬರೀ 12 ವರ್ಷ.

ನಾಟಕಕ್ಕೆಂದೇ ಒಂದು ರಂಗಮಂದಿರ ಬೇಕೆಂಬ ಅವರ ಆಸೆಯನ್ನು ಅರುಂಧತಿ ನಾಗ್ ಕೈಬಿಡಲಿಲ್ಲ. ಹಲವರ ನೆರವು ಕೂಡಿಸಿ ಬೆಂಗಳೂರಿನ ಜೆ. ಪಿ. ನಗರದಲ್ಲಿ ಕಟ್ಟಿಸಿದ 'ರಂಗಶಂಕರ' 2004ರಲ್ಲಿ ಬಾಗಿಲು ತೆರೆಯಿತು. ಮಕ್ಕಳನ್ನು ನೋಡಲು ಬೆಂಗಳೂರಿಗೆ ಹೋಗುವ ಸದಸ್ಯರು ಒಂದು ಸಂಜೆ ಬಿಡುವು ಮಾಡಿಕೊಂಡು ಅಲ್ಲಿ ನಾಟಕ ನೋಡಿ ಬರಬಹುದು. ಹೊತ್ತಿಗೆ ಸರಿಯಾಗಿ ಹೋಗಬೇಕು. ಆಟ ಶುರುವಾದ ಮೇಲೆ ಬಂದವರನ್ನು ಅಲ್ಲಿ ಒಳಗೆ ಬಿಡುವುದಿಲ್ಲ.